ಲೈನ್‌ಮನ್ ಭಾವನ ಇಬ್ಬರು ಹೆಂಡಿರು

ನಮ್ಮ ಭಾವ ಮೂವತ್ತಾರು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದವರು. ಗಾಳಿ, ಮಳೆ, ಕಾಗೆಗಳ ಕಾಟ ಯಾವುದಕ್ಕೂ ಜಗ್ಗಿದವರಲ್ಲ, ಒಂದು ಸಲವೂ ಕೆಳಗೆ ಬಿದ್ದವರಲ್ಲ. ಅಂಥವರು ನಿವೃತ್ತರಾದ ಮೂರನೆಯ ವರ್ಷ, ಅಡುಗೆಮನೆಯ ಬಲ್ಬು ಬದಲಿಸಲು ಒಂದೂವರೆ ಅಡಿ ಎತ್ತರದ ಸ್ಟೂಲು ಹತ್ತಿ ಬಿದ್ದರು. ತಲೆ ಸಿಂಕಿನ ಅಂಚಿಗೆ ಬಡಿಯಿತು. ಬೀಳಲೇಬೇಕು ಅಂತಿದ್ದರೆ ಸರ್ವೀಸಿನಲ್ಲಿದ್ದಾಗ ಮರ್ಯಾದೆಯಾಗಿ ಕಂಬದಿಂದಲೇ ಬೀಳಬಾರದಿತ್ತೇ ಎಂದು ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಗೊಣಗಿದೆ. ಅಕ್ಕ ನನ್ನನ್ನು ಕೆಕ್ಕರಿಸಿ ನೋಡಿದಳು. ನನಗೆ ಭಯವಾದಾಗ ಬಾಯಿಗೆ ಬರುವುದು ಇಂಥ ಮಾತೇ, ಏನು ಮಾಡಲಿ.

ಎರಡನೆಯ ದಿನ ಭಾವನಿಗೆ ಎಚ್ಚರವಾಯಿತು. ತಲೆಗೆ ಬಿಳಿ ಪಟ್ಟಿ ಸುತ್ತಿಕೊಂಡು ದಿಂಬಿಗೆ ಒರಗಿದ್ದವರು ನನ್ನನ್ನು ನೋಡಿದ ತಕ್ಷಣ, "ಬಂದ್ಯೇನಯ್ಯಾ ಮೇಷ್ಟ್ರೇ? ಸ್ಕೂಲಿಗೆ ಚಕ್ಕರ್ ಹೊಡೆಯೋಕೆ ಒಂದು ನೆಪ ಸಿಕ್ತು ನೋಡು" ಅಂದರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಅವರ ಕೀಟಲೆ ಕೇಳಿ ನನಗೆ ಜೀವ ಬಂದಂತಾಯಿತು. ತಾರೀಖು ಸರಿಯಾಗಿ ಹೇಳಿದರು, ನನ್ನ ಹೆಂಡತಿಯ ಬಿಪಿ ವಿಚಾರಿಸಿದರು, ಮೂವತ್ತು ವರ್ಷದ ಹಿಂದಿನ ಯಾವುದೋ ಟೆಲಿಫೋನ್ ನಂಬರನ್ನೂ ಹೇಳಿದರು. ಅಷ್ಟರಲ್ಲಿ ಫ್ಲಾಸ್ಕ್ ಹಿಡಿದು ಅಕ್ಕ ಒಳಗೆ ಬಂದಳು.

ಭಾವ ಅವಳನ್ನು ನೋಡಿದರು. ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಯಾರಯ್ಯಾ ಇವರು?" ಎಂದು ಪಿಸುಗುಟ್ಟಿದರು.

"ಅಕ್ಕ."

"ಯಾವ ಅಕ್ಕ?"

"ನನಗಿರೋದೇ ಒಬ್ಬಳು ಅಕ್ಕ. ನಿಮ್ಮ ಹೆಂಡತಿ!"

ಭಾವ ಮತ್ತೊಮ್ಮೆ ದಿಟ್ಟಿಸಿದರು. ಹಳೆಯ ಕೇಬಲ್ ಪರೀಕ್ಷೆ ಮಾಡುವವರ ಹಾಗೆ ಹಣೆಯಿಂದ ಗಲ್ಲದವರೆಗೆ ಸಾವಕಾಶವಾಗಿ ನೋಡಿದರು. "ಹೋಲ್ತಾರೆ. ತುಂಬಾನೇ ಹೋಲ್ತಾರೆ. ಮೂಗು ಅವಳದೇ, ಕಿವಿ ಪಕ್ಕದ ಮಚ್ಚೆ ಅವಳದೇ. ಆದ್ರೆ ಅವಳಲ್ಲ" ಅಂದರು. ಆಮೇಲೆ ಅಕ್ಕನ ಕಡೆ ತಿರುಗಿ ಬಹಳ ವಿನಯದಿಂದ, "ನಿಂತೇ ಇದ್ದೀರಲ್ಲಮ್ಮಾ, ಕೂತ್ಕೊಳ್ಳಿ" ಅಂದರು.

ಮದುವೆಯಾದ ಮೂವತ್ತಾರು ವರ್ಷಗಳಲ್ಲಿ ಅವರು ಅಕ್ಕನಿಗೆ ಕೂತುಕೋ ಎಂದು ಹೇಳಿದ್ದು ಅದೇ ಮೊದಲು. ಅಕ್ಕ ಕೂರಲಿಲ್ಲ. ಫ್ಲಾಸ್ಕ್ ಹಿಡಿದ ಹಾಗೇ ನಿಂತುಬಿಟ್ಟಳು.

ಇವರಿಬ್ಬರ ಜೋಡಿ ಎಂಥದ್ದು ಎಂದು ಇಲ್ಲಿ ಸ್ವಲ್ಪ ಹೇಳಬೇಕು. ಮದುವೆಗೆ ಮುಂಚೆ ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಭಾವ ಹೊಸದಾಗಿ ಸೇರಿದ ಲೈನ್‌ಮನ್. ಕಂಬದ ಮೇಲೆ ರಿಪೇರಿ ಮುಗಿದ ಮೇಲೆ, ಸೊಂಟಕ್ಕೆ ನೇತುಹಾಕಿಕೊಂಡ ಟೆಸ್ಟಿಂಗ್ ಫೋನನ್ನು ತಂತಿಗೆ ಸಿಕ್ಕಿಸಿ ಎಕ್ಸ್‌ಚೇಂಜಿಗೆ ಮಾತಾಡಿ, ಲೈನು ಸರಿಹೋಯಿತು ಎಂದು ಖಾತ್ರಿ ಮಾಡಿಕೊಳ್ಳುವುದು ಪದ್ಧತಿ. ಆ ಕಡೆ ಮಾತಾಡುತ್ತಿದ್ದವಳು ಅಕ್ಕ. ಒಂದು ವರ್ಷ ಎಂಟು ತಿಂಗಳು ಭಾವ ತಮ್ಮ ಪಾಲಿನ ಬಡಾವಣೆಯಲ್ಲಿ ಕೆಡದೇ ಇದ್ದ ಫೋನುಗಳನ್ನೆಲ್ಲ ರಿಪೇರಿ ಮಾಡಿದರು. "ನಮ್ಮ ಫೋನ್ ಚೆನ್ನಾಗೇ ಇದೆಯಲ್ರೀ" ಎಂದು ಮನೆಯವರು ಬಾಗಿಲಲ್ಲಿ ನಿಂತು ಕೇಳಿದರೆ, "ಚೆನ್ನಾಗಿದೆ ಅಂತ ನಿಮಗೆ ಹೇಗೆ ಗೊತ್ತು?" ಎಂದು ಗದರಿ ಕಂಬ ಹತ್ತುತ್ತಿದ್ದರು. ಇಬ್ಬರೂ ಮುಖಾಮುಖಿ ಆದ ದಿನ ಭಾವ ಮೊದಲು ಆಡಿದ ಮಾತು, "ಧ್ವನಿ ಕೇಳಿ ಉದ್ದ ಇದ್ದೀರಿ ಅಂದ್ಕೊಂಡಿದ್ದೆ" ಎಂದು. ಇಷ್ಟಾದರೂ ಅಕ್ಕ ಒಪ್ಪಿದಳು. ಹೆಣ್ಣುಮಕ್ಕಳ ಬುದ್ಧಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಮದುವೆಯ ನಂತರ ಭಾವ ಅಕ್ಕನ ಹತ್ತಿರ ಪ್ರೀತಿಯ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. ಅವರ ಮಾತೆಲ್ಲ ಕೂಗಾಟವೇ. ಕಂಬದ ಮೇಲಿಂದ ಅರಚಿ ಅಭ್ಯಾಸ. ಯಾರೋ ಜೆಸಿಬಿಯಲ್ಲಿ ನೆಲ ಅಗೆಯುವಾಗ ಇನ್ನೂರು ಜೋಡಿ ತಂತಿಯ ಕೇಬಲ್ ಕತ್ತರಿಸಿದರೆ, ಭಾವ ಎರಡು ದಿನ ಆ ಗುಂಡಿಯಲ್ಲೇ ಕೂತು, ನೀಲಿಗೆ ನೀಲಿ, ಕಿತ್ತಳೆಗೆ ಕಿತ್ತಳೆ ಎಂದು ಒಂದೊಂದೇ ಎಳೆ ಸೇರಿಸಿ ಎದ್ದು ಬರುತ್ತಿದ್ದರು. ಅಕ್ಕ ಗುಂಡಿಯ ಬಾಯಿಗೆ ಊಟ ತೆಗೆದುಕೊಂಡು ಹೋಗಿ ಕೊಡುತ್ತಿದ್ದಳು. ಇದನ್ನು ಸಂಸಾರ ಅನ್ನಬೇಕೋ ಮುನಿಸಿಪಾಲಿಟಿ ಕೆಲಸ ಅನ್ನಬೇಕೋ, ಅಂತೂ ಇಬ್ಬರೂ ಸುಖವಾಗಿದ್ದರು. ಮಕ್ಕಳಿರಲಿಲ್ಲ. ಅವರಿಗೆ ಅವಳು, ಅವಳಿಗೆ ಅವರು.

ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಒಂದು ಕಾಗದದ ಮೇಲೆ ತಲೆಯ ಚಿತ್ರ ಬರೆದರು. ಚಿತ್ರ ಗೆಣಸಿನ ಹಾಗಿತ್ತು. "ನೋಡಿ, ಮುಖ ಗುರುತಿಸೋಕೆ ಮೆದುಳಲ್ಲಿ ಒಂದು ಜಾಗ. ಅದು ಕೆಲಸ ಮಾಡ್ತಿದೆ. ನಮ್ಮವರನ್ನ ಕಂಡಾಗ ಒಳಗೆ ಬೆಚ್ಚಗಾಗುತ್ತಲ್ಲ, ಅದಕ್ಕೆ ಇನ್ನೊಂದು ಜಾಗ. ಅದೂ ಕೆಲಸ ಮಾಡ್ತಿರೋ ಹಾಗಿದೆ. ಅವೆರಡರ ನಡುವಿನ ದಾರಿಗೆ ಪೆಟ್ಟು ಬಿದ್ದಿರಬೇಕು. ಮುಖ ಅದೇ, ನೆನಪೂ ಅದೇ, ಆದ್ರೆ ನೋಡಿದಾಗ ಒಳಗೆ ಆಗಬೇಕಾದ್ದು ಆಗ್ತಿಲ್ಲ. ಆಗ ಬುದ್ಧಿ ಸುಮ್ಮನಿರಲ್ಲ, ತಾನೇ ಒಂದು ಕಾರಣ ಕಟ್ಟುತ್ತೆ: ಹಾಗಾದ್ರೆ ಇವರು ಅವರಲ್ಲ, ಅವರ ಹಾಗೇ ಇರೋ ಬೇರೆಯವರು ಅಂತ."

"ಮತ್ತೆ ನನ್ನನ್ನ ಸರಿಯಾಗಿ ಗುರುತು ಹಿಡಿದ್ರಲ್ಲ?" ಅಂದೆ.

"ತುಂಬಾ ಹತ್ತಿರದವರ ವಿಷಯದಲ್ಲೇ ಹೀಗಾಗೋದು ಜಾಸ್ತಿ. ನಿಮ್ಮನ್ನ ನೋಡಿದಾಗ ಮೊದಲೂ ಅಂಥದ್ದೇನೂ ಆಗ್ತಿರ್ಲಿಲ್ವೇನೋ. ಅದಕ್ಕೆ ಕೊರತೆ ಗೊತ್ತಾಗಿಲ್ಲ."

ಮೂರು ದಿನದಲ್ಲಿ ಅಕ್ಕ ಮೊದಲ ಸಲ ನಕ್ಕಳು. ನನಗೆ ನಗು ಬರಲಿಲ್ಲ. ಯಾವಾಗ ಸರಿಹೋಗುತ್ತದೆ ಎಂದು ಕೇಳಿದರೆ ಡಾಕ್ಟರಮ್ಮ, ಬೇಗ ಸರಿಹೋಗಬಹುದು, ತಡವಾಗಬಹುದು, ಸರಿಹೋಗದೆಯೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಇದೇ ವಿವರಣೆಯನ್ನು ಭಾವನಿಗೂ ಹೇಳಿದಾಗ ಅವರು ಬಹಳ ಆಸಕ್ತಿಯಿಂದ ತಲೆದೂಗಿದರು. "ಗೊತ್ತಾಯ್ತು ಡಾಕ್ಟ್ರೇ. ಎರಡು ತುದಿಯೂ ಸರಿಯಿದೆ, ನಡುವೆ ಎಲ್ಲೋ ಫಾಲ್ಟು. ಇಂಥದ್ದು ನಾನು ಸಾವಿರ ನೋಡಿದೀನಿ."

"ಹಾಗಾದ್ರೆ ಇವರು ನಿಮ್ಮ ಹೆಂಡತಿ ಅಂತ ಒಪ್ತೀರಾ?"

"ಅದು ಬೇರೆ ವಿಷಯ. ಇವರು ಅವಳಲ್ಲ."

ಮನೆಗೆ ಬಂದ ಮೇಲೆ ನಿಜವಾದ ಪರದಾಟ ಶುರುವಾಯಿತು. ಭಾವ ಮಂಚವನ್ನು ಅಕ್ಕನಿಗೆ ಬಿಟ್ಟುಕೊಟ್ಟು ತಾವು ಹಾಲಿನ ಸೋಫಾಕ್ಕೆ ಬಂದರು, ಪರಸ್ತ್ರೀ ನೋಡಿ. ಅಕ್ಕ ನೀರು ತಂದುಕೊಟ್ಟರೆ ಎದ್ದು ನಿಂತು ತೆಗೆದುಕೊಳ್ಳುತ್ತಿದ್ದರು. ಮದುವೆಯ ದಿನ ಮಳೆ ಬಂದದ್ದು, ಮೊದಲ ಜಗಳ ಯಾವುದಕ್ಕೆ ಆದದ್ದು ಎಂದೆಲ್ಲ ಅಕ್ಕ ನೆನಪಿಸಿದರೆ ಬೆರಗಾಗಿ, "ಅವಳು ನಿಮಗೆ ಎಲ್ಲಾನೂ ಹೇಳಿಬಿಟ್ಟಿದ್ದಾಳಲ್ಲ!" ಅನ್ನುತ್ತಿದ್ದರು.

ನಾಲ್ಕನೆಯ ದಿನ ಅಕ್ಕ ಔಷಧಿ ಅಂಗಡಿಯಿಂದ ಮನೆಗೆ ಫೋನ್ ಮಾಡಿ, ಮಾತ್ರೆ ಒಂದು ಪಟ್ಟಿ ಸಾಕೇ ಎಂದು ಕೇಳಿದಳು. ಭಾವನ ಮನೆಯಲ್ಲಿ ಇನ್ನೂ ಗೋಡೆಗೆ ಅಂಟಿದ ಫೋನೇ ಇದೆ. ಅದನ್ನು ತೆಗೆಸಲು ಅವರು ಒಪ್ಪಿಲ್ಲ. ರಿಸೀವರ್ ಕಿವಿಗಿಟ್ಟವರು ಮಾತು ಕೇಳಿ ಹೌಹಾರಿದರು. "ಎಲ್ಲಿ ಹೋಗಿದ್ದೀಯೇ? ಎಷ್ಟು ದಿನ ಆಯ್ತೇ! ಇಲ್ಲಿ ನನ್ನ ಗತಿ ಏನಾಗಿದೆ ಅಂತ ಗೊತ್ತಾ ನಿನಗೆ?" ಎಂದು ಅರಚುತ್ತಾ ಅರಚುತ್ತಾ ಅತ್ತುಬಿಟ್ಟರು. ಅಂಗಡಿಯ ಕಟ್ಟೆಯ ಮೇಲೆ ಅಕ್ಕನೂ ಅತ್ತಳಂತೆ. ಔಷಧಿಯವನು ಗಾಬರಿಯಾಗಿ ನೀರು ಕೊಟ್ಟನಂತೆ.

ಧ್ವನಿಗೆ ಬೇರೆ ದಾರಿ ಇರುತ್ತದೆ, ಅದಕ್ಕೆ ಏಟು ಬಿದ್ದಿಲ್ಲ ಎಂದರು ಡಾಕ್ಟರಮ್ಮ. ಅಂದಿನಿಂದ ಭಾವನಿಗೆ ಇಬ್ಬರು ಹೆಂಡಿರಾದರು. ಫೋನಿನಲ್ಲಿದ್ದವಳು ಸ್ವಂತ ಹೆಂಡತಿ, ಎದುರಿಗಿದ್ದವರು ಯಾರೋ ಪುಣ್ಯಾತ್ಗಿತ್ತಿ. ಅಡುಗೆಮನೆಯಿಂದ ಅಕ್ಕ, "ರೀ, ಟೀ ಬೇಕಾ?" ಎಂದು ಕೂಗಿದರೆ, "ಬೇಡ ಅಂತ ಯಾವತ್ತು ಅಂದಿದೀನಿ, ತಗೊಂಡ್ಬಾರೇ" ಎಂದು ಹಿಂದುಮುಂದು ಯೋಚಿಸದೆ ಗುಡುಗು. ಲೋಟ ಹಿಡಿದು ಅವಳು ಬಾಗಿಲಲ್ಲಿ ಕಾಣಿಸಿದ ಕೂಡಲೇ, "ಅಯ್ಯೋ, ನಿಮಗ್ಯಾಕೆ ತೊಂದ್ರೆ?"

ಎಲ್ಲಿದ್ದೀಯ ಎಂದು ಫೋನಿನಲ್ಲಿ ಕೇಳಿದಾಗ ಅಕ್ಕ ಏನೂ ತೋಚದೆ, "ತಮ್ಮನ ಮನೇಲಿದ್ದೀನಿ" ಅಂದಿದ್ದಳು. ಆ ಒಂದು ಸುಳ್ಳಿಗೆ ನಾನು ಒಂಬತ್ತು ಸುಳ್ಳು ಪೋಣಿಸಬೇಕಾಯಿತು. ಪ್ರತಿ ಭಾನುವಾರ ನಾನು ಹೋದರೆ ಅಕ್ಕ ಪಕ್ಕದಲ್ಲೇ ಕೂತಿರುವಾಗ ಭಾವ ನನ್ನ ಕಿವಿಗೆ ಬಗ್ಗಿ, "ಅವಳು ಹೇಗಿದ್ದಾಳೆ? ನಿನ್ನ ಹೆಂಡ್ತಿ ಸರಿಯಾಗಿ ಊಟ ಹಾಕ್ತಾಳಾ?" ಎಂದು ಕೇಳುತ್ತಿದ್ದರು. ನಾನು ಕಂಬಿಯಿಲ್ಲದೆ ರೈಲು ಬಿಡುತ್ತಿದ್ದೆ. ಮನೆಗೆ ಬಂದರೆ ನನ್ನವಳು, ಮನೆಯಲ್ಲೇ ಇಲ್ಲದವಳಿಗೆ ಸರಿಯಾಗಿ ಊಟ ಹಾಕಲಿಲ್ಲ ಎಂಬ ಹೆಸರು ಬೇರೆ ನನಗೆ ಎಂದು ಮೂಗು ಮುರಿಯುತ್ತಿದ್ದಳು.

ಇನ್ನು ಕನ್ನಡಕದ ರಾಮಾಯಣ. ಅಕ್ಕ ತನ್ನ ಕನ್ನಡಕ ಹಾಕಿಕೊಳ್ಳಲು ಹೋದಾಗ ಭಾವ ಮೃದುವಾಗಿ ತೆಗೆದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ತಪ್ಪು ತಿಳೀಬೇಡಿ. ಅವಳ ಸಾಮಾನು ಯಾರಾದ್ರೂ ಮುಟ್ಟಿದ್ರೆ ಅವಳಿಗೆ ಆಗಲ್ಲ." ಕನ್ನಡಕವಿಲ್ಲದೆ ಅಕ್ಕ ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ಕಾಣದೆ ಒಂದು ದಿನ ಒದ್ದಾಡಿದಳು. ಕೊನೆಗೆ ಮೊಬೈಲ್ ಹಿಡಿದು ಹಿತ್ತಲಿಗೆ ಹೋಗಿ ಫೋನ್ ಮಾಡಿದಳು. "ರೀ, ಆ ಕನ್ನಡಕ ಅವರಿಗೆ ಕೊಡಿ. ನಾನೇ ಹೇಳ್ತಿದೀನಿ."

"ನಿಂಗೆ ಬೇಡ್ವಾ?"

"ನಾನು ಇಲ್ಲಿ ಹೊಸದು ಮಾಡಿಸ್ಕೊಂಡಿದೀನಿ."

ಭಾವ ಬೀಗ ತೆಗೆದು, ಕನ್ನಡಕ ಒರೆಸಿ, ಹಿತ್ತಲಿನಿಂದ ಬಂದ ಅಕ್ಕನಿಗೆ ಎರಡೂ ಕೈಯಲ್ಲಿ ಒಪ್ಪಿಸಿದರು. "ಅವಳು ಅಪ್ಪಣೆ ಕೊಟ್ಟಳು." ಅಂದಿನಿಂದ ಎಲ್ಲದಕ್ಕೂ ಇದೇ ಪದ್ಧತಿ. ಕಪ್ಪು ಶಾಲಿಗೆ ಅಪ್ಪಣೆ, ಹೊಲಿಗೆ ಮಿಷನ್ನಿಗೆ ಅಪ್ಪಣೆ, ಕಿಟಕಿ ಪಕ್ಕದ ಕುರ್ಚಿಗೆ ಅಪ್ಪಣೆ. ಅಕ್ಕ ತನ್ನ ಮನೆಯಲ್ಲಿ ತನ್ನ ಸಾಮಾನಿಗೆ ತಾನೇ ಶಿಫಾರಸು ಮಾಡಿಕೊಂಡು ಬಾಳಿದಳು.

ಇಂಥ ಹೊತ್ತಿನಲ್ಲಿ ನನ್ನ ಗಣಿತದ ತಲೆ ಚುರುಕಾಯಿತು. ಲೈನಿನ ಎರಡು ತುದಿಯನ್ನೂ ಒಟ್ಟಿಗೆ ಪರೀಕ್ಷೆ ಮಾಡಿದರೆ ಫಾಲ್ಟು ಸಿಕ್ಕೇ ಸಿಗುತ್ತದೆ ಎಂದು ಭಾವನೇ ಹೇಳುತ್ತಿದ್ದರಲ್ಲ. ಹಾಗಾದರೆ ಮುಖವನ್ನೂ ಧ್ವನಿಯನ್ನೂ ಒಟ್ಟಿಗೇ ತೋರಿಸಿದರಾಯಿತು! ಅಕ್ಕ ಬೇಡ ಅಂದಳು. ನಾನು ಕೇಳಲಿಲ್ಲ. ಭಾವನ ಕಿವಿಗೆ ರಿಸೀವರ್ ಇಟ್ಟು, ಅಕ್ಕನನ್ನು ಎದುರಿಗೆ ನಿಲ್ಲಿಸಿ, ಮೊಬೈಲಿನಲ್ಲಿ ಮಾತಾಡಿಸಿದೆ.

"ರೀ, ನಾನೇ ಕಣ್ರೀ. ನೋಡಿ, ನಾನೇ" ಅಂದಳು ಅಕ್ಕ.

ಭಾವ ಅವಳ ತುಟಿ ನೋಡಿದರು, ರಿಸೀವರ್ ನೋಡಿದರು. ಮುಖ ಕಪ್ಪಿಟ್ಟಿತು. ಫೋನ್ ಇಟ್ಟು, "ಅವಳ ಧ್ವನೀನೂ ಕಲಿತುಬಿಟ್ಟಿದ್ದೀರಾ" ಅಂದರು. ಅದರಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಆಮೇಲೆ ಎರಡು ದಿನ ಅಕ್ಕ ಹಿತ್ತಲಿನಿಂದ ಫೋನ್ ಮಾಡಿದರೂ ಅವರು ಎತ್ತಲಿಲ್ಲ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಇದ್ದ ಒಂದು ಎಳೆಯನ್ನೂ ನನ್ನ ಜಾಣತನ ಕಡಿದು ಹಾಕಿತ್ತು. ಮೂರನೆಯ ದಿನ, ಎಂಟನೆಯ ಸಲ ಗಂಟೆ ಬಾರಿಸಿದ ಮೇಲೆ ಭಾವ ಎತ್ತಿದರು. ಅಕ್ಕ ಬೇರೆ ಏನೂ ಹೇಳದೆ, ಸ್ನಾನ ಮಾಡಿದ್ರಾ ಎಂದು ಬೈದಳಂತೆ. ಆ ಬೈಗುಳ ಕೇಳಿ ಅವರಿಗೆ ನಂಬಿಕೆ ಬಂತು. ಅಕ್ಕ ಒಂದು ವಾರ ನನ್ನೊಡನೆ ಮಾತು ಬಿಟ್ಟಳು. ನಾನು ಅದಕ್ಕೆ ಅರ್ಹನೇ ಆಗಿದ್ದೆ.

ಒಂದು ವಿಚಿತ್ರವನ್ನು ನಾನೇ ಕಣ್ಣಾರೆ ಕಂಡೆ. ಅಕ್ಕನಿಗೆ ಮಂಡಿ ನೋವು. ಮನೆಯ ಮುಂದಿನ ಮೂರು ಮೆಟ್ಟಿಲು ಇಳಿಯುವಾಗ ಮುಗ್ಗರಿಸುತ್ತಾಳೆ. ಒಂದು ಭಾನುವಾರ ಅವಳು ಇಳಿಯಲು ಕಾಲು ಮುಂದಿಟ್ಟಳೋ ಇಲ್ಲವೋ, ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಭಾವನ ಎಡಗೈ ತಾನಾಗಿ ಚಾಚಿ ಅವಳ ಮೊಣಕೈ ಹಿಡಿಯಿತು. ಕಣ್ಣು ಇನ್ನೂ ಪೇಪರಿನಲ್ಲೇ ಇತ್ತು. ಆಮೇಲೆ ತಲೆಯೆತ್ತಿ ನೋಡಿ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈ ಎಳೆದುಕೊಂಡು, "ಕ್ಷಮಿಸಿ ತಾಯಿ, ಕೈ ತಾನಾಗಿ ಬಂತು" ಅಂದರು. ಕೈಯ ರೂಢಿ ಮೆದುಳಿನ ಇನ್ನೆಲ್ಲೋ ಇರುತ್ತದೆ, ಅದು ಮುಖ ಯಾರದೆಂದು ಕೇಳುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಅಕ್ಕ ಆ ದಿನ ಐದು ಸಲ ಮೆಟ್ಟಿಲು ಇಳಿದು ಹತ್ತಿದಳು. ಮಂಡಿ ಊದಿಕೊಂಡಿತು.

ಎರಡು ತಿಂಗಳು ಕಳೆದವು. ಒಂದು ದಿನ ನಾನು ಹೋದಾಗ ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ನಿಲ್ಲಿಸಿ ಅಂದಳು: "ಮರ್ಯಾದೆ ಕೊಟ್ಟು ಕೊಟ್ಟು ಸಾಯಿಸ್ತಿದ್ದಾರೆ ಕಣೋ. ಮೂವತ್ತಾರು ವರ್ಷ ಬೈಸ್ಕೊಂಡೆ, ಒಂದಿನ ಬೇಜಾರಾಗಿರ್ಲಿಲ್ಲ. ಈಗ ನಾನು ಎದುರಿಗೆ ಬಂದ್ರೆ ಅವರ ಮುಖದಲ್ಲಿ ಏನೂ ಆಗಲ್ಲ. ಗೋಡೆ ನೋಡಿದ ಹಾಗೆ ನೋಡ್ತಾರೆ. ಅತ್ಲಾಗೆ ಫೋನಲ್ಲಿ ದಿನಾ, ಯಾವಾಗ ಬರ್ತೀಯೇ ಅಂತ ಗೋಗರೀತಾರೆ. ಇಲ್ಲೇ ಇದ್ದು ನಾನು ಅವರಿಗೆ ಮೋಸ ಮಾಡ್ತಿದೀನಿ ಅನ್ಸುತ್ತೆ. ನನ್ನ ಕೈಲಿ ಆಗಲ್ಲ. ನಿನ್ನ ಮನೆಗೆ ಬರ್ತೀನಿ."

"ಇವರನ್ನ ಯಾರು ನೋಡ್ಕೋತಾರೆ?"

"ಕೆಲಸದವಳಿಗೆ ಹೇಳಿದೀನಿ. ನಾನು ಹೊರಟ್ರೆ ಅವರಿಗೂ ಹಾಯಾಗುತ್ತೆ, ಹೊರಗಿನವಳು ತೊಲಗಿದಳು ಅಂತ."

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆಟೋ ತೆಗೆದುಕೊಂಡು ಹೋದೆ. ಅಕ್ಕ ಬ್ಯಾಗು ತುಂಬಿಸಿ ಬಾಗಿಲಲ್ಲಿ ಇಟ್ಟಿದ್ದಳು. ಭಾವನ ಎದುರು ನಿಂತು, "ನಾನು ಹೊರಡ್ತೀನಿ. ಮಾತ್ರೆ ಡಬ್ಬೀಲಿದೆ. ಹುಷಾರು" ಅಂದಳು. ಭಾವ ಎದ್ದು ನಿಂತರು. "ಸರಿ" ಅಂದರು. ಬ್ಯಾಗು ಎತ್ತಿ ಎರಡು ಹೆಜ್ಜೆ ನಡೆದರು, ಮತ್ತೆ ಅಲ್ಲೇ ಇಟ್ಟರು. "ಒಂದ್ನಿಮಿಷ ಇರಿ" ಎಂದು ಒಳಗೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಗೋಡೆಯ ಫೋನು ಇರುವುದು ಆ ಕೋಣೆಯಲ್ಲೇ.

ಅಕ್ಕನ ಕೈಯಲ್ಲಿದ್ದ ಮೊಬೈಲು ಹೊಡೆದುಕೊಂಡಿತು. ಇಷ್ಟು ದಿನ ಅವಳೇ ಫೋನ್ ಮಾಡುತ್ತಿದ್ದಳು. ಅವರಾಗಿ ಮಾಡಿದ್ದು ಇದೇ ಮೊದಲು. ಅವಳು ನನ್ನ ಮುಖ ನೋಡಿದಳು, ಆಮೇಲೆ ಸರಸರನೆ ಅಡುಗೆಮನೆಗೆ ಹೋಗಿ ಎತ್ತಿದಳು. ನಾನು ನಡುವೆ ಹಾಲಿನಲ್ಲಿ ನಿಂತಿದ್ದೆ. ಭಾವನ ಗಂಟಲಿಗೆ ಬಾಗಿಲು ಯಾವ ಲೆಕ್ಕ, ಎರಡು ಕಡೆಯ ಮಾತೂ ನನಗೆ ಕೇಳುತ್ತಿತ್ತು.

"ನಾನು ಕಣೇ. ನಿಂಗೊಂದು ವಿಷಯ ಹೇಳ್ಬೇಕು. ಕೋಪ ಮಾಡ್ಕೋಬೇಡ."

"ಇಲ್ಲ, ಹೇಳಿ."

"ಅವರು ಹೊರಟಿದ್ದಾರೆ."

"ಹೊರಡ್ಲಿ ಬಿಡಿ. ಆಮೇಲೆ ನಾನು ಬರ್ತೀನಲ್ಲ. ದಿನಾ ಅದನ್ನೇ ಕೇಳ್ತಿದ್ರಿ."

"ನೀನು ಬಾ. ನೀನು ಬರ್ಲೇಬೇಕು. ಆದ್ರೆ..." ಭಾವನ ಧ್ವನಿ ಮೊದಲ ಸಲ ತಗ್ಗಿತು. "ಅವರು ಹೋಗೋದು ನಂಗೆ ಇಷ್ಟ ಇಲ್ಲ ಕಣೇ."

ಅಕ್ಕ ಮೊಬೈಲನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ತಪ್ಪು ಅಂತ ಗೊತ್ತು. ಈ ವಯಸ್ಸಲ್ಲಿ ಹೀಗಾಗಬಾರದಿತ್ತು. ಮೊದಮೊದಲು ಏನೂ ಇರ್ಲಿಲ್ಲ, ನಿನ್ನಾಣೆ. ನಿನ್ನ ಹಾಗೆ ಇದ್ದಾರೆ ಅಂತಾನೂ ಅಲ್ಲ. ಬೀರುವಿಗೆ ಬೀಗ ಹಾಕಿ ಅವಮಾನ ಮಾಡ್ದೆ, ಕಳ್ಳಿ ಅನ್ನೋ ಹಾಗೆ ನೋಡ್ದೆ. ಆದ್ರೂ ಆಯಮ್ಮ ದಿನಾ ನನ್ನ ಮಾತ್ರೆ ನೋಡಿ ಕೊಡ್ತಾರೆ. ಅಡುಗೆಮನೇಲಿ ಅಳ್ತಾರೆ. ನಂಗೆ ಕೇಳಿಸ್ಬಾರ್ದು ಅಂತ ನಲ್ಲಿ ಬಿಟ್ಕೊಂಡು ಅಳ್ತಾರೆ. ನಾನು ಲೈನ್‌ಮನ್ ಕಣೇ, ನಂಗೆ ಕೇಳಿಸಲ್ವಾ? ಈಗೀಗ ಅವರು ಅಂಗಡಿಗೆ ಹೋದ್ರೂ ಬರೋವರೆಗೂ ಕಿಟಕೀಲಿ ನಿಂತಿರ್ತೀನಿ. ನಿಂಗೆ ಹೇಳ್ದೆ ಇರೋಕೆ ಆಗ್ಲಿಲ್ಲ."

ಅಕ್ಕ ಗೋಡೆಗೆ ಒರಗಿದ್ದಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಅದನ್ನು ಸರಿಸಿ, "ಈಗ ನಾನೇನು ಮಾಡ್ಲಿ ಹೇಳಿ" ಅಂದಳು.

"ನೀನು ಬಾ. ಅವರನ್ನೂ ಕಳಿಸ್ಬೇಡ."

"ಸರಿ" ಅಂದಳು ಅಕ್ಕ. "ಇಬ್ರೂ ಇರ್ತೀವಿ."

ಭಾವ ಮುಖ ಒರೆಸಿಕೊಂಡು ಹೊರಗೆ ಬಂದರು. ಅಡುಗೆಮನೆಯಿಂದ ಅಕ್ಕ ಬಂದಳು. ಅವಳ ಕಣ್ಣು ಕೆಂಪಾಗಿದ್ದನ್ನು ಭಾವ ನೋಡಿದರು, ನೋಡಿ ತಲೆ ತಗ್ಗಿಸಿದರು. ಅವಳ ಬ್ಯಾಗು ಎತ್ತಿ ಎದೆಗೆ ಅವಚಿಕೊಂಡು, "ಇದನ್ನ ಒಳಗಿಡ್ತೀನಿ. ಅವಳನ್ನ ಕೇಳ್ದೆ. ಒಪ್ಪಿದ್ಲು" ಅಂದರು.

"ಏನಂದ್ರು?" ಎಂದು ಕೇಳಿದಳು ನನ್ನ ಅಕ್ಕ.

"ಏನೂ ಬೈಲಿಲ್ಲ. ಒಳ್ಳೆಯವಳು ಅವಳು. ನೀವು ನೋಡಿಲ್ಲ ಅಷ್ಟೇ, ನೋಡಿದ್ರೆ ನಿಮಗೂ ಇಷ್ಟ ಆಗ್ತಾಳೆ."

ಆಟೋದವನಿಗೆ ಹೋಗು ಎಂದು ಹೇಳಲು ನಾನು ಹೊರಗೆ ಬಂದೆ. ಹಾಡುಹಗಲು ಬೀದಿಯಲ್ಲಿ ನಿಂತು ಗಣಿತದ ಮೇಷ್ಟ್ರು ಅಳುವುದು ಚೆನ್ನಾಗಿರುವುದಿಲ್ಲ. ಆದರೂ ಅತ್ತೆ.